ಹನ್ನೊಂದು ಗಿರಾಕಿಗಳು

ಅಂಗಡಿಗೆ ಬಾಗಿಲಿಲ್ಲ, ಹಾಗಾಗಿ ಬೀಗವೂ ಇಲ್ಲ.
ಕುಲಶೇಖರದ ನಮ್ಮ ಅಡುಗೆಮನೆಯ ಹಿಂದೆ
ಗೋಣಿಯ ಮೇಲೆ ಮೆಣಸು ಒಣಗುವ ಜಾಗ,
ತಕ್ಕಡಿ, ಸೀಲು ಹಾಕುವ ಸಣ್ಣ ಮಿಷನ್ನು,
ಮತ್ತೆ ಲವಿಟಾಳ ಫೋನು.
ಇಷ್ಟೇ ನಮ್ಮ ಬಫಾತ್ ಪುಡಿಯ ಅಂಗಡಿ.

ಮೊದಲ ತಿಂಗಳು ನಾಲ್ಕು ಪ್ಯಾಕೆಟ್ ಹೋಯಿತು.
ಮೂರು ಲವಿಟಾಳ ಅಮ್ಮನಿಗೆ, ಅಂದರೆ ನನ್ನ ತಂಗಿಗೆ.
ಇನ್ನೊಂದು ವಿಳಾಸ ತಪ್ಪಿ
ಸುರತ್ಕಲ್ ತನಕ ತಿರುಗಿ ಮನೆಗೇ ಬಂತು.

"ಮಾವ್ಶಿ, ಅಂಗಡಿಯವರೇ ಹೊಗಳಿದರೆ ಯಾರು ನಂಬುತ್ತಾರೆ?
ತಿಂದವರು ಬರೆಯಬೇಕು, ಫೋಟೋ ಹಾಕಬೇಕು."
ತಿಂದವರು ಬೇಕಲ್ಲ ಮಾರಾಯ್ತಿ, ಅಂದೆ.
ಅವಳು ನಕ್ಕಳು. ಆ ನಗು ಅರ್ಥವಾಗುವಷ್ಟರಲ್ಲಿ
ರಾತ್ರಿ ಹತ್ತೂವರೆ, ಇವರು ಮಲಗಿಯಾಗಿತ್ತು,
ನಾವಿಬ್ಬರೂ ಮೇಜಿಗೆ ಕೂತು
ಗಿರಾಕಿಗಳನ್ನು ಹೆರುತ್ತಿದ್ದೆವು.

ಮಣಿಪಾಲದ ಹಾಸ್ಟೆಲಿನ ಹುಡುಗ,
ನೂಡಲ್ಸಿಗೂ ಇದನ್ನೇ ಉದುರಿಸುವವ.
ಕುವೈತಿನ ನರ್ಸ್, ಡಬ್ಬಿ ತೆರೆದಾಕ್ಷಣ ಅತ್ತವಳು.
ಪಾಪ, ಅಳಿಸಬೇಡ, ಅಂದೆ. ಅಳಲಿ ಬಿಡಿ, ಅಂದಳು.
ರಿಟೈರಾದ ಒಬ್ಬ ಸ್ಟೇಷನ್ ಮಾಸ್ಟರರು,
ಅವರಿಗೆ ಅಲ್ಪವಿರಾಮ ಜಾಸ್ತಿ ಹಾಕಿದೆವು.
ಹತ್ತಾಯಿತು. ಇನ್ನೊಬ್ಬಳನ್ನು ನಾನು ಕೊಡುತ್ತೇನೆ, ಅಂದೆ.
ಪುತ್ತೂರಿನ ಹಿಲ್ಡಾ ಎಂದು ಬರೆ.
ಬರೆ: ಇಪ್ಪತ್ತಾರು ವರ್ಷ ಅಡುಗೆ ಮಾಡಿದ್ದೇನೆ.
ಗಂಡ ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ.
ಈ ಪುಡಿ ಹಾಕಿದ ದಿನವೂ ಹೇಳಲಿಲ್ಲ.
ಇನ್ನೊಂದು ಸೌಟು ಹಾಕಿಕೊಂಡರು.

ಲವಿಟಾ ಬೆರಳು ನಿಲ್ಲಿಸಿ ನನ್ನನ್ನು ನೋಡಿದಳು.
ಐದು ನಕ್ಷತ್ರ ಒತ್ತು, ಅಂದೆ.

ಶನಿವಾರ ಇಗರ್ಜಿಯಲ್ಲಿ ಪಾಪನಿವೇದನೆಗೆ ಮಂಡಿಯೂರಿ
ನೆರೆಮನೆಯವರ ಮೇಲಿನ ಸಿಟ್ಟು ಹೇಳಿದೆ,
ತಪ್ಪಿದ ಉಪವಾಸ ಹೇಳಿದೆ.
ಹನ್ನೊಂದು ಜನರ ವಿಷಯ ಮಾತ್ರ
ಮೆಣಸಿನ ಘಾಟಿನ ಹಾಗೆ ಗಂಟಲಲ್ಲೇ ನಿಂತಿತು.

ನಿಜವಾದದ್ದು ಬಂತು ಆಮೇಲೆ, ಗುರುಪುರದಿಂದ.
ಮೂರು ನಕ್ಷತ್ರ. ಅರಶಿನ ಜಾಸ್ತಿ.
ಕೊತ್ತಂಬರಿ ಹುರಿದದ್ದು ಸಾಲದು.
ನನ್ನ ಅತ್ತೆ ಹೀಗೆ ಮಾಡುತ್ತಿರಲಿಲ್ಲ.
ಜೊತೆಗೊಂದು ಫೋಟೋ, ಮಸುಕು, ಓರೆ.
ಮಸಿ ಹಿಡಿದ ಪಾತ್ರೆ,
ಮೂಲೆಯಲ್ಲಿ ತೆಗೆದವರ ಹೆಬ್ಬೆರಳು.
ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.
ಉಗುರಿನ ಸಂದಿಯಲ್ಲಿ ಹಳದಿ.
ನಮ್ಮ ಹಳದಿ.

ಅತ್ತೆ ಎಂದದ್ದೇ ಸಾಕಾಯಿತು.
ಬಜ್ಪೆಯವರೊಬ್ಬರಿಗೆ ತಡೆಯಲಿಲ್ಲ:
ಕೊತ್ತಂಬರಿ ಹುರಿಯಲೇಬಾರದು, ಬಿಸಿಲು ಸಾಕು.
ಕಿನ್ನಿಗೋಳಿಯವರು ತಮ್ಮ ಅಜ್ಜಿಯನ್ನು ಕರೆತಂದರು.
ಮೂಡುಬಿದಿರೆಯಿಂದ ಸಾಸಿವೆಯ ಪರ ಒಬ್ಬರು.
ದಿನಾ ಒಂದು ಪಾತ್ರೆ, ಒಂದು ಒಲೆ, ಯಾರದೋ ಮೇಜುಬಟ್ಟೆ.
ಜಗಳ ಏರಿದಷ್ಟೂ ಪ್ಯಾಕೆಟ್ ಹೋದವು;
ನಮ್ಮದು ತಪ್ಪೆಂದು ರುಜುವಾತು ಮಾಡಲು
ಎಲ್ಲರಿಗೂ ಒಂದೊಂದು ಬೇಕಾಯಿತು.
ಮಿಲ್ಲಿನ ಮೋನಾಕ ಕೇಳಿದರು,
"ಎಂತ ಬಾಯಮ್ಮ, ಮನೆಯಲ್ಲಿ ಮದುವೆ ಉಂಟಾ?"

ಇನ್ನು ಆ ಹನ್ನೊಂದು ಜನ ಬೇಡ, ಅಂದೆ.
ಲವಿಟಾ ಒಬ್ಬೊಬ್ಬರನ್ನೇ ಅಳಿಸಿದಳು.
ಹುಡುಗ ಹೋದ.
ನರ್ಸ್ ಅಳು ಮುಗಿಯುವ ಮೊದಲೇ ಹೋದಳು.
ಸ್ಟೇಷನ್ ಮಾಸ್ಟರರು, ಅಲ್ಪವಿರಾಮಗಳ ಸಮೇತ.
ಹಿಲ್ಡಾಳ ಹತ್ತಿರ ಬಂದು ಬೆರಳು ನಿಂತಿತು.
"ಮಾವ್ಶಿ, ಇವರಿಗೆ ಯಾರೋ ಉತ್ತರ ಬರೆದಿದ್ದಾರೆ."

ಹಿಲ್ಡಕ್ಕಾ, ನಮ್ಮಲ್ಲೂ ಹಾಗೆಯೇ. ಮೂವತ್ತೊಂದು ವರ್ಷ.
ನೀವು ಸೌಟು ಎಣಿಸುತ್ತೀರಿ,
ನಾನು ತೊಳೆಯುವ ಮೊದಲು ತಟ್ಟೆ ನೋಡುತ್ತೇನೆ.
ಬರೆದು ತುಂಬ ದಿನ ಆಯಿತು ನೀವು.
ಇದ್ದೀರಾ?

ಒಳಗೆ ಇವರು ಊಟಕ್ಕೆ ಕೂತಿದ್ದರು.
ಪಾತ್ರೆಗೆ ಸೌಟು ತಾಗಿದ ಸದ್ದು.
ಸ್ವಲ್ಪ ಹೊತ್ತು ಬಿಟ್ಟು
ಇನ್ನೊಮ್ಮೆ.

ಫೋನು ಇತ್ತ ಕೊಡು, ಅಂದೆ.
ನನಗೆ ಅಕ್ಷರ ಹುಡುಕುವುದು ನಿಧಾನ.
ಇದರಲ್ಲಿ 'ಇ' ಎಲ್ಲಿ ಉಂಟು, ತೋರಿಸು.